ಕಂಪೆನಿಗಳ ಜಗಳದಲ್ಲಿ ನಮ್ಮ ಕರೆ ಕಟ್

ಮಾನ್ಯರೇ,

ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಪೆರ್ಲ ಕಡೆ ಬೇರೆ ಕಂಪೆನಿಯ ನಂಬರಿಗೆ ಕರೆ ಹೋಗದ ಗೋಳಿನ ಬಗ್ಗೆ ನಿಮ್ಮ ವರದಿ ಓದಿದೆ. 'ಸಣ್ಣ ತಾಂತ್ರಿಕ ತೊಂದರೆ, ಸರಿಪಡಿಸಲಾಗಿದೆ' ಎಂದು ಅದರಲ್ಲಿ ಮೊಬೈಲ್ ಕಂಪೆನಿಯವರು ಹೇಳಿದ್ದಾರಲ್ಲ, ಯಾವ ಊರಿನದ್ದನ್ನು ಸರಿಪಡಿಸಿದ್ದು?

ನಿನ್ನೆ ನಮ್ಮಲ್ಲಿ ಮಗಳ ಬದ್ಧ (ನಿಶ್ಚಿತಾರ್ಥ). ಅಡುಗೆ ಗಡಿಯಾಚೆ ಕರ್ನಾಟಕದ ವಿಟ್ಲದಿಂದ ಬರಬೇಕಿತ್ತು. ಜನ ಜಾಸ್ತಿ ಆಗ್ತಾರೆ ಎಂದು ಅಡುಗೆ ಭಟ್ರಿಗೆ ಹೇಳಲು ಬೆಳಿಗ್ಗೆಯಿಂದ ನಂಬರ್ ಒತ್ತಿದ್ದೇ ಒತ್ತಿದ್ದು. ಅವರದು ಬೇರೆ ಕಂಪೆನಿಯ ಸಿಮ್. ಒಮ್ಮೆ ನಂಬರೇ ಇಲ್ಲವೆಂದು ಮಲಯಾಳದಲ್ಲಿ ಹೇಳಿತು. ಮತ್ತೊಮ್ಮೆ ಸದ್ದೇ ಇಲ್ಲ. ಆಮೇಲೆ ಭಟ್ರು ಎತ್ತಿದರು. ಅವರ 'ಹಲೋ, ಹಲೋ' ನನಗೆ ಕೇಳುತ್ತದೆ, ನಾನು ಅರಚಿದ್ದು ಅವರಿಗೆ ಕೇಳುವುದಿಲ್ಲ. 'ಯಾವನೋ ಉಪದ್ರದವ' ಎಂದು ಬೈದು ಇಟ್ಟರು. ಆ ಬೈಗುಳ ಮಾತ್ರ ಬಹಳ ಸ್ಪಷ್ಟ! ಕೊನೆಗೆ ನೆರೆಯವರ ಫೋನಿನಿಂದ, ಅದು ಭಟ್ರ ಕಂಪೆನಿಯದ್ದೇ, ಒಂದೇ ರಿಂಗಿಗೆ ಸಿಕ್ಕಿದರು. ಅಷ್ಟರಲ್ಲಿ ಅಡುಗೆಯ ಜೀಪು ಹೊರಟಾಗಿತ್ತು. ಎರಡನೇ ಪಂಕ್ತಿಗೆ ಪಾಯಸ ಇಲ್ಲ. ಬೀಗರ ಎದುರು ತಲೆ ತಗ್ಗಿಸಿದ್ದು ನಾನು, ಕಂಪೆನಿಯವರಲ್ಲ.

ಕಸ್ಟಮರ್ ಕೇರ್‌ನವರ ಮದ್ದು ಒಂದೇ, 'ಮೊಬೈಲ್ ಆಫ್ ಮಾಡಿ ಆನ್ ಮಾಡಿ'. ಅಯ್ಯಾ, ನನ್ನ ಫೋನಿನಿಂದ ನಮ್ಮದೇ ಕಂಪೆನಿಯ ನಂಬರಿಗೆ ಸರಿಯಾಗಿ ಹೋಗುತ್ತದೆ. ಭಟ್ರ ಫೋನಿಗೂ ಅವರ ಕಂಪೆನಿಯಿಂದ ಬರುತ್ತದೆ. ಹಾಗಾದರೆ ಕೆಟ್ಟಿರುವುದು ಒಂದು ಕಂಪೆನಿ ಇನ್ನೊಂದಕ್ಕೆ ಕರೆ ದಾಟಿಸುವ ಜಾಗದಲ್ಲೇ ಅಲ್ವಾ? ಕೇಳಿದರೆ ಇವರು ಅವರ ಮೇಲೆ ಹಾಕುತ್ತಾರೆ, ಅವರು ಇವರ ಮೇಲೆ. ಆ ಜಾಗದಲ್ಲಿ ದಟ್ಟಣೆಯಿಂದ ದಾಟದೆ ಉಳಿಯುವ ಕರೆ ಶೇ 0.5 ಮೀರಬಾರದೆಂದು ಫೋನ್ ಕಂಪೆನಿಗಳ ಮೇಲೆ ಕಣ್ಣಿಡುವ ಕೇಂದ್ರದ ಪ್ರಾಧಿಕಾರ ಟ್ರಾಯ್‌ನ ನಿಯಮವೇ ಇದೆ. ಆದರೆ ಲೆಕ್ಕ ಇಡೀ ಕೇರಳದ್ದು, ತಿಂಗಳ ಸರಾಸರಿ. ಅದರಲ್ಲಿ ನಮ್ಮ ಪೆರ್ಲ ಎಲ್ಲಿ ಕಾಣಬೇಕು? ಟ್ರಾಯ್‌ಗೇ ಬರೆಯೋಣ ಎಂದರೆ ಅಲ್ಲಿ ಒಬ್ಬೊಬ್ಬರ ದೂರು ತೆಗೆದುಕೊಳ್ಳುವುದಿಲ್ಲವಂತೆ. 2016ರಲ್ಲಿ ಇಂಥದ್ದೇ, ಕರೆ ದಾಟಿಸುವ ಜೋಡಣೆಯ ಜಗಳಕ್ಕೆ ಮೂರು ಕಂಪೆನಿಗಳಿಗೆ 3,050 ಕೋಟಿ ರೂಪಾಯಿ ದಂಡ ಹಾಕಿ ಎಂದು ಇದೇ ಟ್ರಾಯ್ ಶಿಫಾರಸು ಮಾಡಿತ್ತು. ದೊಡ್ಡವರ ಜಗಳಕ್ಕೆ ಮಾತ್ರ ಕಿವಿ ಇದೆ ಎಂದಾಯಿತು.

ಗಡಿನಾಡಿನವರ ಪಾಡು ಯಾವಾಗಲೂ ಇಷ್ಟೇ. 2020ರಲ್ಲಿ ಕೊರೊನಾ ಹೊತ್ತಿಗೆ ಕರ್ನಾಟಕ–ಕೇರಳ ಗಡಿ ರಸ್ತೆಗಳಿಗೆ ಮಣ್ಣು ಸುರಿದಾಗಲೂ ಆ ಕಡೆಯವರು ಇವರನ್ನು ತೋರಿಸಿದರು, ಈ ಕಡೆಯವರು ಅವರನ್ನು. ಕಚೇರಿಗೆ ಹೋದರೆ ಕನ್ನಡದ ಫಾರಂ ಮುಗಿದಿದೆ ಎನ್ನುತ್ತಾರೆ. ಬಂದದ್ದು ಯಾವಾಗ, ಮುಗಿದದ್ದು ಯಾವಾಗ ಎಂದು ಕೇಳಿದರೆ ಮುಖ ಆಚೆ ತಿರುಗುತ್ತದೆ.

ಜಿಲ್ಲಾಧಿಕಾರಿಗಳು ಕೂಡಲೇ ಗಮನಿಸಬೇಕು, ಇಲ್ಲವೇ ಸಂಸದರು, ಅಥವಾ ಯಾರಾದರೂ. ಸರಿ ಮಾಡಿ, ಇಲ್ಲಾಂದ್ರೆ ರೀಚಾರ್ಜ್ ದುಡ್ಡು ವಾಪಸ್ ಕೊಡಿ. ಸುಮ್ನೆ 'ಸರಿಪಡಿಸಲಾಗಿದೆ' ಎಂದು ಪೇಪರಿಗೆ ಹೇಳಲು ನಾಚಿಕೆಯಾದರೂ ಬೇಡವೇ?

– ನೊಂದ ಗ್ರಾಹಕ, ಪೆರ್ಲ