ಬ್ಯಾಂಕ್ ವಂಚನೆ: ಕಡತ ಮೊದಲು ತನಿಖಾಧಿಕಾರಿಯ ಕೈ ಸೇರಲಿ

ಮಾನ್ಯ ಸಂಪಾದಕರೇ,

ಬ್ಯಾಂಕುಗಳಲ್ಲಿ ನಡೆದ ಅಕ್ರಮಗಳ ಕ್ರಿಮಿನಲ್ ತನಿಖೆ ಏಕೆ ಆಮೆಗತಿಯಲ್ಲಿ ಸಾಗುತ್ತದೆ ಎಂದು ಕೇಳಿದಾಗಲೆಲ್ಲ ‘ವ್ಯವಹಾರ ಜಟಿಲ, ದಾಖಲೆಗಳು ಅಪಾರ’ ಎಂಬ ಸಿದ್ಧ ಉತ್ತರ ಸಿಗುತ್ತದೆ. ಸಾಲ ವಿಭಾಗದಲ್ಲಿ ಮೂರು ದಶಕ ದುಡಿದ ನನಗೆ ಈ ಉತ್ತರ ಅರ್ಧ ಮಾತ್ರ ನಿಜವೆನಿಸುತ್ತದೆ. ಜಟಿಲತೆಗಿಂತ ಹೆಚ್ಚಾಗಿ ಕಾಲವನ್ನು ನುಂಗುವುದು, ತನಿಖೆಯ ಮೊದಲ ಹೆಜ್ಜೆಯನ್ನು ಅಕ್ರಮ ನಡೆದ ಬ್ಯಾಂಕಿಗೇ ಬಿಟ್ಟುಕೊಡುವ ಪದ್ಧತಿ.

ಬ್ರಿಟನ್ನಿನ ಎಚ್‌ಬಿಒಎಸ್ ಬ್ಯಾಂಕಿನ ರೆಡಿಂಗ್ ಶಾಖೆಯ ಪ್ರಕರಣವನ್ನೇ ನೋಡಿ. ಕಷ್ಟದಲ್ಲಿದ್ದ ಸಣ್ಣ ಉದ್ಯಮಗಳನ್ನು ಅಲ್ಲಿನ ಅಧಿಕಾರಿಯೊಬ್ಬ ತನಗೆ ಬೇಕಾದ ಸಲಹಾ ಸಂಸ್ಥೆಯ ಕಡೆಗೆ ತಳ್ಳುತ್ತಿದ್ದ. ಆ ಸಂಸ್ಥೆಯವರು ಉದ್ಯಮಗಳನ್ನು ಹಿಂಡಿ ಹಿಪ್ಪೆ ಮಾಡಿದರೆ, ಅಧಿಕಾರಿಗೆ ಲಂಚ ಮತ್ತು ವಿಲಾಸ ಪ್ರವಾಸಗಳು ದೊರೆಯುತ್ತಿದ್ದವು. 2003ರಿಂದ 2007ರವರೆಗೆ ಇದು ನಡೆಯಿತು. ಸಂಗೀತ ಪ್ರಕಾಶನ ನಡೆಸುತ್ತಿದ್ದ ದಂಪತಿ, ಕಂಪನಿ ನೋಂದಣಿಯ ಸಾರ್ವಜನಿಕ ದಾಖಲೆಗಳನ್ನು ತಾವೇ ಜಾಲಾಡಿ, ವಂಚನೆಯ ಸುಳಿವನ್ನು 2007ರಲ್ಲಿಯೇ ಬ್ಯಾಂಕಿನ ಮುಂದಿಟ್ಟರು. ಬ್ಯಾಂಕು ಅದನ್ನು ಒಪ್ಪಲಿಲ್ಲ. ಬದಲಿಗೆ ಅವರನ್ನು ಮನೆಯಿಂದ ಹೊರಹಾಕಲು ಮತ್ತೆ ಮತ್ತೆ ಕೋರ್ಟಿಗೆ ಹೋಯಿತು. ಪೊಲೀಸ್ ತನಿಖೆ ಶುರುವಾದದ್ದು 2010ರಲ್ಲಿ, ಆರೋಪ ಹೊರಿಸಿದ್ದು 2013ರಲ್ಲಿ, ಶಿಕ್ಷೆಯಾದದ್ದು 2017ರಲ್ಲಿ. ಸುಮಾರು 70 ಲಕ್ಷ ಪೌಂಡ್ ವೆಚ್ಚದ ಈ ತನಿಖೆಯ ಭಾರ ಹೊತ್ತದ್ದು ಒಂದು ಪ್ರಾದೇಶಿಕ ಪೊಲೀಸ್ ಪಡೆ ಎಂಬುದನ್ನೂ ಗಮನಿಸಬೇಕು.

ಇಂಥ ದೂರು ಬಂದಾಗ ಒಳಗೆ ಏನಾಗುತ್ತದೆ ಎಂಬುದು ಹೊರಗಿನವರಿಗೆ ಅಷ್ಟಾಗಿ ತಿಳಿಯದು. ಮೊದಲು ಆಂತರಿಕ ಲೆಕ್ಕಪರಿಶೋಧನೆ, ಆಮೇಲೆ ಕಾನೂನು ವಿಭಾಗದ ಅಭಿಪ್ರಾಯ, ನಂತರ ಹೊರಗಿನ ಲೆಕ್ಕಪರಿಶೋಧಕರ ವರದಿ, ಅದರ ಮೇಲೆ ಆಡಳಿತ ಮಂಡಳಿಯ ಚರ್ಚೆ, ನಿಯಂತ್ರಕರೊಂದಿಗೆ ಪತ್ರ ವ್ಯವಹಾರ. ಒಂದೊಂದು ಮೇಜಿನ ಮೇಲೂ ಕಡತ ತಿಂಗಳುಗಟ್ಟಲೆ ಮಲಗುತ್ತದೆ. ಯಾರೂ ಕಾಗದ ಹರಿದು ಹಾಕಬೇಕಾಗಿಲ್ಲ. ಸುಮ್ಮನೆ ಕುಳಿತರೆ ಸಾಕು, ಉಳಿದದ್ದನ್ನು ಕಾಲವೇ ನೋಡಿಕೊಳ್ಳುತ್ತದೆ.

ಇದನ್ನು ಸ್ವತಃ ಅನುಭವಿಸಿದ್ದೇನೆ. ಸಾಲವೊಂದರ ಪ್ರಕರಣದಲ್ಲಿ ನಾನು ಸಾಕ್ಷಿಯಾಗಿ ಕಟಕಟೆ ಹತ್ತುವ ಹೊತ್ತಿಗೆ ಘಟನೆ ನಡೆದು ಒಂಬತ್ತು ವರ್ಷಗಳಾಗಿದ್ದವು. ವಕೀಲರು ಮಂಜೂರಾತಿ ಟಿಪ್ಪಣಿಯ ಹಾಳೆಯೊಂದನ್ನು ತೋರಿಸಿ, ಅಡಮಾನದ ಮೌಲ್ಯದ ಪಕ್ಕದಲ್ಲಿರುವ ಕಿರುಸಹಿಯನ್ನು ನಾನು ಹಾಕಿದ್ದು ಅಂಕಿ ತಿದ್ದುವ ಮೊದಲೋ ಆಮೇಲೋ ಎಂದು ಕೇಳಿದರು. ಕಿರುಸಹಿ ನನ್ನದೇ, ಆದರೆ ನೆನಪಿಲ್ಲ ಎಂದೆ. ಮೌಲ್ಯಮಾಪಕರು ಆಗಲೇ ತೀರಿಕೊಂಡಿದ್ದರು, ಅಂದಿನ ವ್ಯವಸ್ಥಾಪಕರು ಹಾಸಿಗೆ ಹಿಡಿದಿದ್ದರು. ಮೊದಲ ತಿಂಗಳಿನಲ್ಲೇ ಯಾರಾದರೂ ಕೇಳಿದ್ದರೆ ನಾನು ಖಂಡಿತ ಉತ್ತರ ಹೇಳುತ್ತಿದ್ದೆ.

ವಿಳಂಬದ ಪೆಟ್ಟು ಬೀಳುವುದು ವಂಚನೆಗೊಳಗಾದವರ ಮೇಲೆ ಮಾತ್ರವಲ್ಲ. ಬ್ರಿಟನ್ನಿನದೇ ಆದ ಬಾರ್ಕ್ಲೇಸ್ ಬ್ಯಾಂಕು 2008ರಲ್ಲಿ ಕತಾರಿನಿಂದ ಬಂಡವಾಳ ತಂದ ಬಗ್ಗೆ ತನಿಖೆ ಆರಂಭವಾದದ್ದು 2012ರಲ್ಲಿ. ಆರೋಪ ಹೊತ್ತ ಹಿರಿಯ ಅಧಿಕಾರಿಗಳಲ್ಲಿ ಕೊನೆಯ ಮೂವರು ಖುಲಾಸೆಯಾದದ್ದು 2020ರಲ್ಲಿ. ಹಾಗೆಂದು ಅವಸರದಲ್ಲಿ ಯಾರನ್ನಾದರೂ ಜೈಲಿಗೆ ಕಳಿಸಿ ಎಂದು ನಾನು ಹೇಳುತ್ತಿಲ್ಲ. ಬ್ಯಾಂಕುಗಳ ನಡುವಿನ ಸಾಲಕ್ಕೆ ಮಾನದಂಡವಾಗಿದ್ದ ಲೈಬರ್ ಬಡ್ಡಿದರವನ್ನು ತಿರುಚಿದ ಆರೋಪದ ಪ್ರಕರಣದಲ್ಲಿ 2015ರಲ್ಲಿ ಅಪರಾಧಿಯೆನಿಸಿದ ಬ್ಯಾಂಕ್ ವಹಿವಾಟುದಾರ ಟಾಮ್ ಹೇಯ್ಸ್ ವಿರುದ್ಧದ ತೀರ್ಪನ್ನು ಅಲ್ಲಿನ ಸುಪ್ರೀಂ ಕೋರ್ಟ್ 2025ರಲ್ಲಿ ರದ್ದುಪಡಿಸಿತು. ತಪ್ಪು ತಿದ್ದಿಕೊಳ್ಳಲು ಅಲ್ಲಿಯೂ ಹತ್ತು ವರ್ಷ ಹಿಡಿಯಿತು!

ಬೇರೆ ದಾರಿ ಇಲ್ಲವೆಂದಲ್ಲ. 2008ರ ಅಕ್ಟೋಬರ್‌ನಲ್ಲಿ ಐಸ್‌ಲ್ಯಾಂಡಿನ ಮೂರು ದೊಡ್ಡ ಬ್ಯಾಂಕುಗಳು ಕುಸಿದಾಗ ಆ ದೇಶ ವಿಶೇಷ ಪ್ರಾಸಿಕ್ಯೂಟರ್ ಹುದ್ದೆಯೊಂದನ್ನು ಸೃಷ್ಟಿಸಿತು. ಮೊದಲ ಜಾಹೀರಾತಿಗೆ ಒಬ್ಬರೂ ಅರ್ಜಿ ಹಾಕಲಿಲ್ಲ. ಕೊನೆಗೆ ಪುಟ್ಟ ಪಟ್ಟಣವೊಂದರ ಪೊಲೀಸ್ ಮುಖ್ಯಸ್ಥ ಓಲಾವುರ್ ಹೌಕ್ಸನ್ ಅದನ್ನು ವಹಿಸಿಕೊಂಡರು. ಬೆರಳೆಣಿಕೆಯ ಸಿಬ್ಬಂದಿಯಿಂದ ಶುರುವಾದ ಕಚೇರಿ ನೂರರ ಗಡಿ ದಾಟಿತು. 2013ರ ಡಿಸೆಂಬರ್ ವೇಳೆಗೆ ಆ ಮೂರರಲ್ಲೊಂದಾದ ಕೌಪ್ತಿಂಗ್ ಬ್ಯಾಂಕಿನ ಮುಖ್ಯಸ್ಥರಿಗೆ ಶಿಕ್ಷೆಯಾಯಿತು. ಕುಸಿದ ಬ್ಯಾಂಕುಗಳ ಆಡಳಿತ ಆಗಲೇ ಸರ್ಕಾರಿ ನಿಯಂತ್ರಕರ ಕೈಯಲ್ಲಿದ್ದುದು ಅವರಿಗೆ ಅನುಕೂಲವಾಯಿತು ಎಂಬುದು ದಿಟ. ನಡೆಯುತ್ತಿರುವ ಬ್ಯಾಂಕಿನಲ್ಲಿ ಅದು ಅಷ್ಟು ಸುಲಭವಲ್ಲ. ಕಡತಗಳು ಬ್ಯಾಂಕಿನ ಕೈಯಲ್ಲಿ ಉಳಿಯಬಾರದು ಎಂಬ ನನ್ನ ಮಾತಿಗೆ ಆಧಾರವೂ ಅದೇ ಸಂಗತಿ.

ಆದ್ದರಿಂದ ಗಂಭೀರ ದೂರು ದಾಖಲಾದ ವಾರದಲ್ಲೇ ಸಾಲದ ಕಡತಗಳು, ಇ-ಮೇಲ್‌ಗಳು, ಯಾರು ಯಾವಾಗ ಯಾವ ಅಂಕಿ ಬದಲಿಸಿದರೆಂದು ತೋರಿಸುವ ಕಂಪ್ಯೂಟರ್ ದಾಖಲೆಗಳ ಮೊಹರು ಮಾಡಿದ ಪ್ರತಿ ಸ್ವತಂತ್ರ ತನಿಖಾಧಿಕಾರಿಯ ವಶಕ್ಕೆ ಹೋಗಬೇಕು. ಸಂಬಂಧಪಟ್ಟ ಸಿಬ್ಬಂದಿಯ ಹೇಳಿಕೆಯನ್ನು ಅದೇ ತಿಂಗಳು ಪಡೆಯಬೇಕು. ಬ್ಯಾಂಕು ತನ್ನ ಆಂತರಿಕ ವಿಚಾರಣೆಯನ್ನು ಬೇಕಾದರೆ ಆಮೇಲೆ ನಿಧಾನವಾಗಿ ನಡೆಸಿಕೊಳ್ಳಲಿ.

ಇತಿ,
ನಿವೃತ್ತ ಬ್ಯಾಂಕ್ ಅಧಿಕಾರಿ