ದೇವಸ್ಥಾನದ ಸಭೆ ದೇವಸ್ಥಾನದೊಳಗೇ ನಡೆಯಲಿ: ಮುಜರಾಯಿ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಮುಜರಾಯಿ ಸಚಿವರಿಗೆ ಸವಿನಯ ವಂದನೆಗಳು.

ನಮ್ಮೂರಿನ ಆಂಜನೇಯನ ಗುಡಿ ತಮ್ಮ ಇಲಾಖೆಯ ‘ಸಿ’ ವರ್ಗಕ್ಕೆ, ಅಂದರೆ ಕಡಿಮೆ ಆದಾಯದ ಗುಡಿಗಳ ಸಾಲಿಗೆ ಸೇರಿದ್ದು, ಪೂಜೆಯ ಖರ್ಚಿಗೆ ಸರ್ಕಾರ ವರ್ಷವರ್ಷ ಕೊಡುವ ತಸ್ತೀಕಿನ ಹಣ ಪಡೆಯುತ್ತದೆ. 1997ರ ಧಾರ್ಮಿಕ ದತ್ತಿ ಕಾಯ್ದೆಯ ಪ್ರಕಾರ ವ್ಯವಸ್ಥಾಪನಾ ಸಮಿತಿಯ ಒಂಬತ್ತು ಸದಸ್ಯರಲ್ಲಿ ಪರಿಶಿಷ್ಟ ಜಾತಿ ಅಥವಾ ಪಂಗಡದ ಒಬ್ಬರಾದರೂ ಇರಬೇಕು, ನಮ್ಮಲ್ಲೂ ಇದ್ದಾರೆ. ಆದರೆ ಸಮಿತಿ ಸಭೆ ಸೇರುವುದು ಊರ ಮುಂದಿನ ಅರಳಿಕಟ್ಟೆಯಲ್ಲಿ. ಆ ಹಿರಿಯರು ಅಲ್ಲಿ ನಡಾವಳಿ ಪುಸ್ತಕಕ್ಕೆ ಸಹಿ ಹಾಕುತ್ತಾರೆ, ಶನಿವಾರ ಪೂಜೆಯ ಹೊತ್ತಿಗೆ ಗರುಡಗಂಬದ ಆಚೆ ನಿಂತು ಹಣ್ಣುಕಾಯಿಯನ್ನು ಬೇರೆಯವರ ಕೈಗೆ ಕೊಡುತ್ತಾರೆ. ಕಳೆದ ಜಾತ್ರೆಯಲ್ಲಿ ಅವರ ಬೊಗಸೆಗೆ ತೀರ್ಥವನ್ನು ಎಷ್ಟು ಎತ್ತರದಿಂದ ಬಿಟ್ಟರೆಂದರೆ, ಅರ್ಧ ಮಣ್ಣಿಗೆ ಬಿತ್ತು. ಉಳಿದರ್ಧವನ್ನು ಅವರು ಕಣ್ಣಿಗೊತ್ತಿಕೊಂಡು ಕುಡಿದರು. ನಾನು ಒಳಗೆ ನಿಂತು ನೋಡಿದೆ, ಬಾಯಿ ಬಿಡಲಿಲ್ಲ. ಆ ತಪ್ಪಿನ ಭಾರವೇ ಈ ಪತ್ರ ಬರೆಸುತ್ತಿದೆ.

ಕಾನೂನಿನಲ್ಲಿ ಕೊರತೆಯಿಲ್ಲ. ಮೂಲ್ಕಿಯ ವೆಂಕಟರಮಣ ದೇವಸ್ಥಾನದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1957ರಲ್ಲಿಯೇ, ಕೆಲವು ವಿಶೇಷ ಸೇವೆಗಳನ್ನು ಆ ದೇವಸ್ಥಾನದ ಸಮುದಾಯಕ್ಕೆ ಉಳಿಸಿಕೊಟ್ಟರೂ, ಎಲ್ಲ ವರ್ಗದ ಹಿಂದೂಗಳಿಗೆ ದೇವಾಲಯ ತೆರೆಯುವ ಕಾನೂನನ್ನು ಎತ್ತಿಹಿಡಿಯಿತು. ಹಾಗಿದ್ದೂ 2021ರಲ್ಲಿ ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ ದಲಿತ ಕುಟುಂಬದ ಪುಟ್ಟ ಮಗುವೊಂದು ಗುಡಿಯೊಳಗೆ ಓಡಿದ್ದಕ್ಕೆ ಶುದ್ಧೀಕರಣದ ಹೆಸರಿನಲ್ಲಿ ದಂಡ ಕೇಳಲಾಯಿತು. ಇಂಥ ಸುದ್ದಿ ಹೊರಬಿದ್ದಾಗ ಅಧಿಕಾರಿಗಳು ಪೊಲೀಸ್ ಬಂದೋಬಸ್ತಿನಲ್ಲಿ ದಲಿತರನ್ನು ಒಳಗೆ ಕರೆದೊಯ್ಯುವುದುಂಟು. ಅದು ಬೇಕು, ನಿಜ. ಆದರೆ ಜೀಪು ಹೊರಟುಹೋದ ಮೇಲಿನ ಶನಿವಾರ ಏನಾಗುತ್ತದೆಂದು ಕೇಳುವವರು ಯಾರು? ಪೂಜೆಯೆಂದರೆ ಒಂದು ದಿನದ ಪ್ರವೇಶವಲ್ಲ. ವಾರವಾರ ಯಾರ ಅಪ್ಪಣೆಯೂ ಇಲ್ಲದೆ ಹೋಗಿ, ತನ್ನ ಕಷ್ಟಸುಖವನ್ನು ತಾನೇ ದೇವರೆದುರು ಹೇಳಿಕೊಂಡು ಬರುವುದು.

ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆ ಇಷ್ಟೇ. ಮುಜರಾಯಿಗೆ ಸೇರಿದ ಪ್ರತಿ ದೇವಸ್ಥಾನದಲ್ಲೂ ವ್ಯವಸ್ಥಾಪನಾ ಸಮಿತಿಯ ಸಭೆ ನವರಂಗದಲ್ಲಿ ಅಥವಾ ಗುಡಿಯ ಒಳಾವರಣದಲ್ಲಿಯೇ, ಎಲ್ಲ ಸದಸ್ಯರೂ ಒಟ್ಟಿಗೆ ಮಂಗಳಾರತಿ ತೆಗೆದುಕೊಂಡ ಮೇಲೆ ನಡೆಯಬೇಕೆಂದು ಸುತ್ತೋಲೆ ಹೊರಡಿಸಿ. ತಸ್ತೀಕಿನ ಹಣ ಬಿಡುಗಡೆಗೆ ಮುನ್ನ ತಹಶೀಲ್ದಾರರು ಮುನ್ಸೂಚನೆಯಿಲ್ಲದೆ ಒಂದು ಪೂಜೆಯ ದಿನ ಬಂದು, ದಲಿತ ಕೇರಿಯವರನ್ನೇ ಮಾತಾಡಿಸಿ ವರದಿ ಕೊಡಲಿ. ಆ ಹಣದಲ್ಲಿ ಗರುಡಗಂಬದಾಚೆ ನಿಂತವರ ತೆರಿಗೆಯೂ ಇದೆ. ಅರ್ಚಕರ ಜೀವನಕ್ಕೆ ತೊಂದರೆಯಾಗುತ್ತದೆಂದು ಯಾರಾದರೂ ಹೇಳಿಯಾರು. ಬಾಗಿಲು ತಡೆಯುವವರು ಬಹುಪಾಲು ಕಡೆ ಅರ್ಚಕರಲ್ಲ, ಊರಿನ ಬಲಾಢ್ಯರು ಎಂಬುದು ತಮಗೂ ಗೊತ್ತಿರುವ ಸಂಗತಿ.

ನಮ್ಮ ಸಮಿತಿಯ ಮುಂದಿನ ಸಭೆ ಜಾತ್ರೆಗೆ ಮೊದಲು ಸೇರಲಿದೆ. ಅಷ್ಟರೊಳಗೆ ತಮ್ಮ ಸುತ್ತೋಲೆ ನಮ್ಮ ತಾಲ್ಲೂಕು ಕಚೇರಿಗೆ ತಲುಪಲಿ ಎಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಆಂಜನೇಯನ ಒಬ್ಬ ಭಕ್ತೆ