ಗುಂಡಿ ಇಲ್ಲದ ಅಂಗಿ, ಗುಂಡಿ ತೋಡಿದ ಕಾವಲು

ಮಾನ್ಯ ಸಂಪಾದಕರೇ,

ನಾನು ಚಿತ್ರದುರ್ಗದ ಲಕ್ಷ್ಮೀ ಬಜಾರಿನ ಹತ್ತಿರ 42 ವರ್ಷದಿಂದ ಹೊಲಿಗೆ ಮಿಷನ್ ತುಳಿಯುತ್ತಿರುವವನು. ಪತ್ರಿಕೆಗೆ ಪತ್ರ ಬರೆಯುವುದು ಇದೇ ಮೊದಲು. ಉದ್ದ ಜಾಸ್ತಿಯಾದರೆ ಕತ್ತರಿಸಿಕೊಳ್ಳಿ. ಕತ್ತರಿ ಅಂದರೆ ನನಗೆ ಬೇಜಾರಿಲ್ಲ.

ಮೊನ್ನೆ ನಾಯಕನಹಟ್ಟಿ ಕಡೆಯ ಒಬ್ಬ ತಾಯಿ ಮಗನನ್ನು ಕರೆದುಕೊಂಡು ಅಂಗಡಿಗೆ ಬಂದರು. ಶಾಲೆಯಲ್ಲಿ ವೇಷಭೂಷಣ ಸ್ಪರ್ಧೆ. ಮಿಸ್ ಕೊಟ್ಟ ಚೀಟಿ ಕೈಯಲ್ಲಿತ್ತು. ಗಾಂಧೀಜಿ, ನೆಹರೂ, ಓಬವ್ವ, ಮದಕರಿ ನಾಯಕ, ರೈತ, ಸೈನಿಕ, ಡಾಕ್ಟರು, ತರಕಾರಿ ಮಾರುವವಳು. 42 ವರ್ಷದಿಂದ ನಾನು ನೋಡುತ್ತಿರುವ ಪಟ್ಟಿ ಇದೇ. ಓಬವ್ವನ ಸೀರೆಯಂತೂ ಕಣ್ಣು ಮುಚ್ಚಿಕೊಂಡೇ ಹೊಲಿಯುತ್ತೇನೆ, ಒನಕೆ ಮಾತ್ರ ಅವರೇ ತರಬೇಕು. ಹುಡುಗ ಚೀಟಿ ಕಡೆ ನೋಡಲೇ ಇಲ್ಲ. "ಅಜ್ಜ, ನನಗೆ ಪುಷ್ಪಕ್ ಬೇಕು" ಅಂದ. ಯಾವ ಪುಷ್ಪಕ, ರಾವಣಂದಾ ಅಂತ ಕೇಳಿದೆ. "ಅಲ್ಲ, ನಮ್ಮೂರ ಕಡೇದು. ಹೆಲಿಕಾಪ್ಟರು ಎತ್ಕಂಡು ಹೋಗಿ ಮೇಲಿಂದ ಬಿಡುತ್ತೆ, ಅದೇ ಬಂದು ಇಳೀತದೆ. ನಮ್ಮ ಮಾಮ ನೋಡ್ಯಾನೆ" ಅಂದ. ಪಟ್ಟಿಯಲ್ಲಿ ಇಲ್ಲದ್ದು ಹಾಕಿಕೊಂಡು ಹೋದರೆ ಸ್ಟೇಜಿಗೆ ಬಿಡುವುದಿಲ್ಲವಂತೆ. ತಾಯಿ ಮದಕರಿ ನಾಯಕನ ಅಂಗಿಗೇ ಅಳತೆ ಕೊಡಿಸಿದರು. ಅಳತೆ ತೆಗೆಯುವಾಗ ಹುಡುಗ ಎರಡೂ ಕೈ ಚಾಚಿ ನಿಂತಿದ್ದ. ಇಳಿಸು ಅಂದರೂ ಇಳಿಸಲಿಲ್ಲ.

ಆ ಕೈ ನೋಡಿ ನನಗೆ ಹತ್ತು ವರ್ಷದ ಹಿಂದಿನದು ನೆನಪಾಯಿತು.

ನನ್ನ ಮಗಳು, ಅಳಿಯ ಅಮೆರಿಕದ ಫ್ಲಾರಿಡಾದಲ್ಲಿ, ಟ್ಯಾಂಪಾ ಅನ್ನುವ ಊರಲ್ಲಿ ಇದ್ದರು. 2015ರ ಮೇ ತಿಂಗಳು ನಾನೂ ನಮ್ಮ ಮನೆಯವಳೂ ಅಲ್ಲಿಗೆ ಹೋಗಿದ್ದೆವು. ಮೊಮ್ಮಗನಿಗೆ ಎಂಟು, ಮೊಮ್ಮಗಳಿಗೆ ನಾಲ್ಕು. ಅಲ್ಲಿಂದ ಕಾರಿನಲ್ಲಿ ಒಂದೂವರೆ ತಾಸು ಹೋದರೆ ಒರ್ಲ್ಯಾಂಡೊ. ಅಲ್ಲಿನ ಡಿಸ್ನಿ ಹಾಲಿವುಡ್ ಸ್ಟುಡಿಯೋಸ್ ಎಂಬ ಥೀಮ್ ಪಾರ್ಕಿನಲ್ಲಿ ಆಗ ಸ್ಟಾರ್ ವಾರ್ಸ್ ವೀಕೆಂಡ್ಸ್ ಅಂತ ಒಂದು ಜಾತ್ರೆ ಮಾಡುತ್ತಿದ್ದರು. ಜಾತ್ರೆ ಅನ್ನುವುದೇ ಸರಿ, ಬೇರೆ ಪದ ನನಗೆ ಹೊಳೆಯುತ್ತಿಲ್ಲ. 1997ರಲ್ಲಿ ಶುರುವಾದದ್ದು. ಆ ವರ್ಷ ಮೇ 15ರಿಂದ ಜೂನ್ 14ರವರೆಗೆ, ಶುಕ್ರವಾರ, ಶನಿವಾರ, ಭಾನುವಾರ. ಅದೇ ಕೊನೆಯ ವರ್ಷ ಅಂತ ನಮಗೆ ಗೊತ್ತಿರಲಿಲ್ಲ. ಮುಂದೆ ಅದನ್ನು ನಿಲ್ಲಿಸಿ, 2019ರಲ್ಲಿ ಅದೇ ಪಾರ್ಕಿನೊಳಗೆ ಆ ಕಥೆಯದೇ ಒಂದು ಕಾಯಂ ಊರು ಕಟ್ಟಿದರು.

ಸ್ಟಾರ್ ವಾರ್ಸ್ ಅಂದರೆ 1977ರಿಂದ ಬರುತ್ತಿರುವ ಸಿನಿಮಾ ಸಾಲು. ದೂರದ ನಕ್ಷತ್ರಗಳ ನಡುವಿನ ಯುದ್ಧ. ನಾನು ಒಂದನ್ನೂ ಪೂರ್ತಿ ನೋಡಿಲ್ಲ. ಆದರೆ ಹೋಗುವ ಮೊದಲು ಮಗಳು ಫೋನಿನಲ್ಲಿ ಒಂದು ಫೋಟೊ ತೋರಿಸಿ, "ಅಪ್ಪಾ, ಮಕ್ಕಳಿಗೆ ಇಂಥದ್ದು ಹೊಲಿದುಕೊಡ್ತೀಯಾ?" ಅಂದಳು. ಜೆಡೈ ಅನ್ನುವ ವೀರರ ಉಡುಪು. ನೋಡಿ ನಗು ಬಂತು. ಮೇಲೆ ಕಂದು ಬಣ್ಣದ ದೊಡ್ಡ ನಿಲುವಂಗಿ, ತಲೆ ಮುಚ್ಚುವ ಟೋಪಿ ಸಮೇತ. ಥೇಟ್ ನಮ್ಮ ಚಳ್ಳಕೆರೆ ಕಡೆ ಕುರಿ ಕಾಯುವವರು ಮಳೆ ಬಂದಾಗ ಹಾಕಿಕೊಳ್ಳುವ ಕಂಬಳಿ ಕೊಪ್ಪೆ. ಒಳಗಿನದು ಎದೆಯ ಮೇಲೆ ಅಡ್ಡ ಮಡಿಸಿ ಕಟ್ಟುವ ಅಂಗಿ. ಒಂದೂ ಗುಂಡಿ ಇಲ್ಲ. ನಮ್ಮ ಅಜ್ಜಂದಿರು ಹಾಕುತ್ತಿದ್ದ ಕಸೆ ಅಂಗಿಯೇ ಅಲ್ವಾ ಇದು! ಆಕಾಶದಾಚೆಯವರು ಅಂತ ಹೇಳಿ ನಮ್ಮೂರ ಬಟ್ಟೆ ತೊಡಿಸಿದ್ದಾರೆ.

ಕಂಬಳಿಯಲ್ಲಿ ಹೊಲಿದರೆ ಮಕ್ಕಳು ಬೆಂದುಹೋಗುತ್ತಾರೆ. ದುರ್ಗದ್ದು ಒಣ ಬಿಸಿಲು. ಅಲ್ಲಿಯದು ಮೈಯೆಲ್ಲ ಅಂಟಂಟು, ಮಂಗಳೂರಿನ ಹಾಗೆ. ಅದಕ್ಕೆ ಕಾಫಿಪುಡಿ ಬಣ್ಣದ ತೆಳು ಪಾಪ್ಲಿನ್ ತಂದು ಮಗಳ ಸಣ್ಣ ಮಿಷನ್ನಿನಲ್ಲೇ ಹೊಲಿದೆ. ಒಳಂಗಿಗೆ ಕೋರಾ ಬಟ್ಟೆ. ಅಳತೆ ತೆಗೆಯುವಾಗಲೇ ಒಂದು ಕಷ್ಟ ತಿಳಿಯಿತು. ಅಲ್ಲಿ ಸ್ಟಾರ್ ಟೂರ್ಸ್ ಅಂತ ಒಂದು ಆಟ. ಕೂತ ಕೋಣೆ ಇದ್ದಲ್ಲೇ ಇರುತ್ತದೆ, ಎದುರಿನ ಪರದೆಯಲ್ಲಿ ಆಕಾಶ ಓಡುತ್ತದೆ, ಅದಕ್ಕೆ ತಕ್ಕ ಹಾಗೆ ಕೋಣೆ ವಾಲಾಡುತ್ತದೆ. ಪೈಲಟ್‌ಗಳಿಗೆ ತರಬೇತಿ ಕೊಡುವ ಯಂತ್ರದ ತರಹದ್ದು. ಅದಕ್ಕೆ ಹತ್ತಬೇಕಾದರೆ 40 ಇಂಚು ಎತ್ತರ ಇರಬೇಕು. ಮೊಮ್ಮಗಳು 39. ನಾನು ಮೂರು ಸಲ ಟೇಪು ಹಿಡಿದೆ. ದರ್ಜಿ ಮೊಮ್ಮಗಳಾಗಿ ಒಂದು ಇಂಚು ಕಡಿಮೆ ಬಂದುಬಿಟ್ಟಳು.

ಬೆಳಿಗ್ಗೆ ಬೇಗ ಹೋದೆವು. ಬಾಗಿಲಲ್ಲಿ ಚೀಲ ತೆಗೆಸಿ ನೋಡುತ್ತಾರೆ. ನಮ್ಮ ಮನೆಯವಳ ಚೀಲದಲ್ಲಿ ಖಾರ ಮಂಡಕ್ಕಿ ಡಬ್ಬಿ. ಅಲ್ಲಿದ್ದ ಹೆಣ್ಣುಮಗಳು ಮುಚ್ಚಳ ತೆಗೆದು, ಮೂಸಿ, ಒಂದು ಸೀನು ಸೀನಿ, ಹೋಗಿ ಅಂದಳು. ಗೇಟು ತೆಗೆಯುವ ಮೊದಲೇ ಆಟ ಶುರು. ಬಿಳಿ ಕವಚ ತೊಟ್ಟ ಇಬ್ಬರು ಸೈನಿಕರು ಗೇಟಿನ ಮಾಡಿನ ಮೇಲೆ ನಿಂತು ಕೆಳಗೆ ಕಾಯುತ್ತಿದ್ದವರನ್ನು ಗೇಲಿ ಮಾಡುತ್ತಿದ್ದರು. ಬಯಲಾಟದಲ್ಲಿ ಸಾರಥಿ ಬಂದು ಮಾತಾಡಿಸುತ್ತಾನಲ್ಲ, ಹಾಗೆ. ಇಂಗ್ಲಿಷು ನನಗೆ ಅಷ್ಟಕ್ಕಷ್ಟೆ. ಆದರೂ ಎಲ್ಲಿ ನಗಬೇಕು ಅಂತ ತಿಳಿಯುತ್ತಿತ್ತು.

ಮಧ್ಯಾಹ್ನಕ್ಕೆ ಮುಂಚೆ ಮೆರವಣಿಗೆ. ಅದರಲ್ಲಿ ನಡೆದವರಲ್ಲಿ ಎಷ್ಟೋ ಜನ ಪಾರ್ಕಿನ ನೌಕರರಲ್ಲ, ಸುಮ್ನೆ ಅಭಿಮಾನಿಗಳು ಅಂತ ತಿಳಿದಾಗ ನನಗೆ ನಿಜಕ್ಕೂ ಆಶ್ಚರ್ಯವಾಯಿತು. 501ನೇ ಲೀಜನ್ ಅಂತ ಅವರದೊಂದು ಸಂಘ, 1997ರಲ್ಲಿ ಹುಟ್ಟಿದ್ದು. ಸಿನಿಮಾದಲ್ಲಿ ಹೇಗಿದೆಯೋ ಹಾಗೇ ವೇಷ ಕಟ್ಟಿಕೊಂಡು ಆಸ್ಪತ್ರೆಯ ಮಕ್ಕಳನ್ನು ನೋಡಲಿಕ್ಕೂ ಹೋಗುತ್ತಾರಂತೆ. ಮೆರವಣಿಗೆ ಮುಗಿದ ಮೇಲೆ ಒಬ್ಬನನ್ನು ಮಗಳ ಮೂಲಕ ಮಾತಾಡಿಸಿದೆ. ಕವಚವನ್ನು ತಾನೇ ಮನೆಯಲ್ಲಿ ಮಾಡಿಕೊಂಡದ್ದಂತೆ. ಪ್ಲಾಸ್ಟಿಕ್ ಹಾಳೆಯನ್ನು ಕಾಯಿಸಿ ಅಚ್ಚಿನ ಮೇಲೆ ಎಳೆದು ಕೂರಿಸುವುದು, ತಣ್ಣಗಾದ ಮೇಲೆ ಅಂಚು ಕತ್ತರಿಸಿ ಮೈಗೆ ಹೊಂದಿಸುವುದು. ನಾನು ತೊಡೆಯ ಭಾಗ ಮುಟ್ಟಿ ನೋಡಿ, ಇಲ್ಲಿ ಅರ್ಧ ಇಂಚು ಬಿಗಿಯಾಗಿದೆ, ನಡೆಯುವಾಗ ಉಜ್ಜುತ್ತದೆ ಅಂದೆ. ಮಗಳು ಇಂಗ್ಲಿಷಿನಲ್ಲಿ ಹೇಳಿದಳು. ಆ ಮನುಷ್ಯ ಶಿರಸ್ತ್ರಾಣ ತೆಗೆಯದೆ, ಪಾತ್ರ ಬಿಡದೆ, ನನಗೊಂದು ಸಲ್ಯೂಟ್ ಹೊಡೆದ. ವೇಷದ ಮರ್ಯಾದೆ ಗೊತ್ತಿದ್ದವನು.

ಇನ್ನು ಮುಖ್ಯ ಸಂಗತಿ. ನಾಲ್ಕರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಅಲ್ಲಿ ಜೆಡೈ ತರಬೇತಿ ಅಂತ ಒಂದು ರಂಗಮಂಚ ಇತ್ತು. ಬೆಳಿಗ್ಗೆಯೇ ಹೆಸರು ಬರೆಸಬೇಕು. ಒಂದು ಕಂದು ನಿಲುವಂಗಿ ಅವರೇ ಕೊಡುತ್ತಾರೆ. ಮೊಮ್ಮಗ ನಾನು ಹೊಲಿದದ್ದರ ಮೇಲೆಯೇ ಅವರದ್ದನ್ನೂ ಏರಿಸಿಕೊಂಡ. ಅವರದು ಪಾಲಿಸ್ಟರ್, ಅಂಚು ಓವರ್‌ಲಾಕ್ ಮಾತ್ರ, ಮಡಿಸಿ ಹೊಲಿದಿಲ್ಲ. ಇದು ಹೊಟ್ಟೆಕಿಚ್ಚಿನ ಮಾತಲ್ಲ. ಸ್ವಲ್ಪ ಇರಬಹುದು.

ಗುರು ನಾಲ್ಕೈದು ಪಟ್ಟು ಹೇಳಿಕೊಟ್ಟ. ಮಕ್ಕಳೆಲ್ಲ ಬೆಳಕಿನ ಕತ್ತಿ ಹಿಡಿದು ಬೀಸಿದರು. ಆಮೇಲೆ ಹೊಗೆ ಎದ್ದಿತು, ಆ ಸಿನಿಮಾದ ಖಳನಾಯಕ ಡಾರ್ತ್ ವೇಡರ್ ಬಂದ. ಅಡಿಯಿಂದ ಮುಡಿವರೆಗೆ ಕಪ್ಪು, ಉಬ್ಬಸದವರ ಹಾಗೆ ದೊಡ್ಡ ಉಸಿರು. ಒಬ್ಬೊಬ್ಬ ಮಗುವೂ ಅವನ ಎದುರು ನಿಂತು ಹೋರಾಡಬೇಕು. ಮೊಮ್ಮಗ ಕಲಿತದ್ದನ್ನೆಲ್ಲ ಲೆಕ್ಕದ ಪ್ರಕಾರ ಮಾಡಿ ಬಂದ. ಮೊಮ್ಮಗಳ ಸರದಿ ಬಂದಾಗ ಎದೆ ಡವಗುಟ್ಟಿತು. ಕತ್ತಲೆಯಾದರೆ ಬಚ್ಚಲಿಗೂ ಒಬ್ಬಳೇ ಹೋಗದ ಮಗು. ಅವನ ಮುಂದೆ ನಿಂತಳು. ಪಟ್ಟು ಎಲ್ಲ ಮರೆತಳು. ಕತ್ತಿ ನೆಲಕ್ಕಿಟ್ಟು, ಎರಡೂ ಕೈ ಸೊಂಟದ ಮೇಲಿಟ್ಟು, "ಏಯ್ ಗುಮ್ಮಾ, ಹೋಗು ಆಚೆ!" ಅಂತ ಕಿರುಚಿದಳು. ಕನ್ನಡದಲ್ಲಿ. ಅವರಜ್ಜಿ ಗದರುವ ಧಾಟಿಯಲ್ಲೇ. ಅಷ್ಟೆತ್ತರದ ಗುಮ್ಮ ಒಂದು ಕ್ಷಣ ಸುಮ್ಮನೆ ನಿಂತ. ಆಮೇಲೆ ನಿಜವಾಗಿಯೂ ಎರಡು ಹೆಜ್ಜೆ ಹಿಂದೆ ಸರಿದ. ನೋಡುತ್ತಿದ್ದವರೆಲ್ಲ ಚಪ್ಪಾಳೆ ಹೊಡೆದರು. ಒಂದಕ್ಷರ ಅರ್ಥವಾಗದವರು!

ಅಲ್ಲಿ ಫಸ್ಟ್ ಪ್ರೈಜ್ ಇರಲಿಲ್ಲ. ಸಮಾಧಾನಕರ ಬಹುಮಾನವೂ ಇಲ್ಲ. ಕತ್ತಿ ಇಟ್ಟವಳಿಗೂ ಬೀಸಿದವನಿಗೂ ಒಂದೇ ಚಪ್ಪಾಳೆ. ನಮ್ಮಲ್ಲಿ ಮಕ್ಕಳಿಗೆ ವೇಷ ಹಾಕಿಸಿ, ಮೈಕು ಹಿಡಿಸಿ, ಬಾಯಿಪಾಠ ಒಪ್ಪಿಸಿಕೊಂಡು, ಮೂವರಿಗೆ ಲೋಟ ಕೊಟ್ಟು ಮಿಕ್ಕವರನ್ನು ಅಳಿಸಿ ಮನೆಗೆ ಕಳಿಸುತ್ತೇವೆ. ಸ್ಪರ್ಧೆಯ ಮಾರನೇ ದಿನ ಬಾಡಿಗೆ ವೇಷ ವಾಪಸ್ ಬರುತ್ತದಲ್ಲ, ಎಷ್ಟೋ ಅಂಗಿಯ ತೋಳಲ್ಲಿ ಮೂಗು ಒರೆಸಿದ ಕಲೆ ಇರುತ್ತದೆ. ನನಗೆ ಗೊತ್ತು, ಒಗೆಯುವವನು ನಾನೇ.

ಅಷ್ಟು ದೊಡ್ಡ ಪಾರ್ಕು ನಮಗೂ ಬೇಕು ಅಂತ ನಾನು ಹೇಳುತ್ತಿಲ್ಲ. ಆ ದುಡ್ಡೂ ಇಲ್ಲ, ಅದು ಬೇಕಾಗಿಯೂ ಇಲ್ಲ. ಅವರದು ಕಟ್ಟುಕಥೆ. ನಮ್ಮ ಜಿಲ್ಲೆಯಲ್ಲಿ ನಡೆಯುತ್ತಿರುವುದು ನಿಜದ್ದು! 2023ರ ಏಪ್ರಿಲ್ 2, ಬೆಳಿಗ್ಗೆ 7 ಗಂಟೆ 10 ನಿಮಿಷಕ್ಕೆ ಚಿನೂಕ್ ಹೆಲಿಕಾಪ್ಟರ್ ಇಸ್ರೋದ ರೆಕ್ಕೆ ನೌಕೆಯನ್ನು, ಅದೇ ಆ ಹುಡುಗ ಕೇಳಿದ ಪುಷ್ಪಕ್ ಅನ್ನು, ಎತ್ತಿಕೊಂಡು ಹೊರಟಿತು. ನಾಲ್ಕೂವರೆ ಕಿಲೋಮೀಟರ್ ಎತ್ತರದಿಂದ ಕೆಳಗೆ ಬಿಟ್ಟಿತು. ಯಾರೂ ಕೂತಿರದ ಆ ನೌಕೆ ತಾನೇ ದಾರಿ ಹುಡುಕಿಕೊಂಡು ಬಂದು ಚಳ್ಳಕೆರೆಯ ರನ್‌ವೇ ಮೇಲೆ ಇಳಿಯಿತು. ಆಮೇಲೆ 2024ರಲ್ಲಿ ಎರಡು ಸಲ, ಮಾರ್ಚ್ 22 ಮತ್ತು ಜೂನ್ 23. ಮೂರನೇ ಸಲ ಬೇಕಂತಲೇ ರನ್‌ವೇಯಿಂದ 500 ಮೀಟರ್ ಪಕ್ಕಕ್ಕೆ ಬಿಟ್ಟರು, ಆದರೂ ಸರಿಯಾಗಿ ಬಂತು. ಗಂಟೆಗೆ 320 ಕಿಲೋಮೀಟರ್‌ಗಿಂತ ಜಾಸ್ತಿ ವೇಗದಲ್ಲಿ ನೆಲ ಮುಟ್ಟಿತು. ಹಿಂದಿನಿಂದ ಪ್ಯಾರಾಚೂಟ್ ಬಿಚ್ಚಿಕೊಂಡು ವೇಗವನ್ನು 100ರ ಹತ್ತಿರಕ್ಕೆ ಇಳಿಸಿತು. ಪ್ಯಾರಾಚೂಟ್ ಅಂದರೆ ಬಟ್ಟೆ ಮತ್ತು ದಾರ. ಅಷ್ಟು ವೇಗವನ್ನು ಹಿಡಿದು ಎಳೆದದ್ದು ಒಂದು ಹೊಲಿಗೆ. ಇದನ್ನು ಓದಿದ ದಿನ ನಾನು ಅಂಗಡಿಯಲ್ಲಿ ಎಲ್ಲರಿಗೂ ಟೀ ಕುಡಿಸಿದೆ.

ಚಂದ್ರಯಾನದ ಲ್ಯಾಂಡರಿಗೆ ಚಂದ್ರನ ಗುಂಡಿಗಳನ್ನು ಗುರುತು ಹಿಡಿಯಲು ಬರುತ್ತದೋ ಇಲ್ಲವೋ ಅಂತ ಪರೀಕ್ಷೆ ಮಾಡಿದ್ದೂ ನಮ್ಮ ಚಳ್ಳಕೆರೆ ತಾಲೂಕಿನಲ್ಲೇ. ಉಳ್ಳಾರ್ತಿ ಕಾವಲಿನಲ್ಲಿ, ಅಂದರೆ ದನ ಕುರಿ ಮೇಯುವ ಬಯಲಿನಲ್ಲಿ, ಅಂಥವೇ ಗುಂಡಿ ತೋಡಿದರು. ದರ್ಜಿಗೆ ಗುಂಡಿ ಅಂದರೆ ಅಂಗಿಯದು. ನಮ್ಮೂರವರಿಗೆ ರಸ್ತೆಯದು. ಚಂದ್ರನಿಗೆ ದಾರಿ ತೋರಿಸಿದ ಗುಂಡಿ ಪಕ್ಕದ ತಾಲೂಕಿನಲ್ಲೇ ಇದೆ ಅಂತ ಎಷ್ಟು ಮಕ್ಕಳಿಗೆ ಗೊತ್ತು?

ಪುಷ್ಪಕ್ ಇಳಿಯುವ ಜಾಗಕ್ಕೆ ಯಾರನ್ನೂ ಬಿಡುವುದಿಲ್ಲ. ರಕ್ಷಣಾ ಇಲಾಖೆಯ ಜಾಗ, ಬಿಡಬೇಕು ಅಂತ ನಾನೂ ಕೇಳುವುದಿಲ್ಲ. ಆದರೆ ಆ ಬೇಲಿಯ ಒಳಗಿರುವುದು ಅಮೃತಮಹಲ್ ಕಾವಲು. ಅಲ್ಲಿ ಮೇಯುತ್ತಿದ್ದ ಕುರಿಗಳ ಉಣ್ಣೆಯಿಂದಲೇ ಚಳ್ಳಕೆರೆ ಕಂಬಳಿ ಆಗುತ್ತಿತ್ತು. ಜಾಗ ಕೊಟ್ಟದ್ದು ಸರಿಯೋ ತಪ್ಪೋ ಅನ್ನುವ ಜಗಳ ದೊಡ್ಡದು, ಕೋರ್ಟಿನವರೆಗೂ ಹೋದದ್ದು, ಇಲ್ಲಿ ಬೇಡ. ಆ ಕುರಿ ಕಾಯುತ್ತಿದ್ದವರ ಮೊಮ್ಮಕ್ಕಳು ಬೇಲಿಯ ಆಚೆ ನಿಂತು ಕತ್ತೆತ್ತಿ ನೋಡುತ್ತಿದ್ದಾರೆ, ಅಷ್ಟೇ ನನ್ನ ಮಾತು. ಮೂರರಲ್ಲಿ ಎರಡು ಸಲ ಇಳಿದದ್ದು ಭಾನುವಾರ. ಶಾಲೆಗೆ ರಜೆ ಇತ್ತು.

ಆಗಸ್ಟ್ 23 ರಾಷ್ಟ್ರೀಯ ಬಾಹ್ಯಾಕಾಶ ದಿನ. ಚಂದ್ರಯಾನ-3 ಇಳಿದ ದಿನ. ಆ ದಿನ ಚಳ್ಳಕೆರೆಯಲ್ಲೋ ದುರ್ಗದಲ್ಲೋ ಒಂದು ಮೈದಾನದಲ್ಲಿ ಮಕ್ಕಳ ಜಾತ್ರೆ ಮಾಡಲಿ. ಚಳ್ಳಕೆರೆ ತಾಲೂಕಿನ ಕುದಾಪುರದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಮೇಷ್ಟ್ರುಗಳಿಗೆ ತರಬೇತಿ ಕೊಡುತ್ತಿದ್ದಾರೆ. ಅಲ್ಲಿ ಕಲಿತ ಮೇಷ್ಟ್ರುಗಳೇ ಮುಂದೆ ನಿಂತರೆ ಸಾಕು. ಪುಷ್ಪಕ್‌ನ ಉದ್ದ ಆರೂವರೆ ಮೀಟರ್. ಒಂದು ಸೀರೆಗಿಂತ ಚೂರು ಜಾಸ್ತಿ ಅಷ್ಟೇ. ನಮ್ಮ ಬಡಗಿಗಳು ಅಷ್ಟೇ ಉದ್ದದ್ದೊಂದು ಮರದಲ್ಲಿ ಮಾಡಿಕೊಡುತ್ತಾರೆ. ಮರಳು ಸುರಿದು ಗುಂಡಿ ತೋಡಿ, ಮಕ್ಕಳೇ ಲ್ಯಾಂಡರ್ ಇಳಿಸಲಿ. ಯಾರು ಏನು ವೇಷ ಬೇಕಾದರೂ ಹಾಕಿಕೊಂಡು ಬರಲಿ. ಪಟ್ಟಿ ಬೇಡ. ಬಹುಮಾನ ಬೇಡ. ಓಬವ್ವ ಬಂದರೂ ಬರಲಿ, ಅವಳಿಗೊಂದು ಗುಮ್ಮನನ್ನು ಎದುರು ನಿಲ್ಲಿಸೋಣ. ಭಾಷಣ ಮಾಡುವವರು ಮಾತ್ರ ಮಧ್ಯಾಹ್ನದ ಊಟದ ಹೊತ್ತಿಗೆ ಬಂದರೆ ಸಾಕು.

ಬಟ್ಟೆ ತಂದುಕೊಟ್ಟರೆ 25 ಮಕ್ಕಳಿಗೆ ನಾನು ಕೂಲಿ ಇಲ್ಲದೆ ಹೊಲಿದುಕೊಡುತ್ತೇನೆ. ಕಸೆ ಕಟ್ಟುವ ಅಂಗಿಯಾದರೆ ಇನ್ನೂ ಬೇಗ ಆಗುತ್ತದೆ, ಕಾಜಾ ಗುಂಡಿಯ ಕೆಲಸ ಇರುವುದಿಲ್ಲ. ಮದಕರಿ ನಾಯಕನ ಅಂಗಿ ನಿನ್ನೆ ಸಂಜೆ ಕೊಟ್ಟು ಕಳಿಸಿದೆ. ಹುಡುಗನ ಅಳತೆ ಪುಸ್ತಕದಲ್ಲಿ ಹಾಗೇ ಇದೆ. ಎದೆ 24, ಭುಜ 11, ಚಾಚಿದ ಕೈ ಬೆರಳಿನಿಂದ ಬೆರಳಿಗೆ 46. ರೆಕ್ಕೆ ಬಗ್ಗಬಾರದು ಅಂತ ಬಕ್ರಂ ತಂದಿಟ್ಟಿದ್ದೇನೆ.

ಇಂತಿ,
ಒಬ್ಬ ದರ್ಜಿ
ಲಕ್ಷ್ಮೀ ಬಜಾರ್ ಹತ್ತಿರ, ಚಿತ್ರದುರ್ಗ